ಕ್ರಿಕೆಟ್ ವಿಡಿಯೊ ಗೇಮ್: ಹೊಸ ಸೌಲಭ್ಯಗಳು ಮತ್ತು ಪಶ್ಚಿಮ ಬೆಂಗಳೂರಿನ ಆಟಗಾರರು

ಕ್ರಿಕೆಟ್ ಪಂದ್ಯವನ್ನು ಕಂಪ್ಯೂಟರಿನಲ್ಲಿ, ಟಿ.ವಿ.ಗೆ ಜೋಡಿಸುವ ಕನ್ಸೋಲಿನಲ್ಲಿ ಅಥವಾ ಮೊಬೈಲಿನಲ್ಲಿ ಆಡಲು ಅನುವು ಮಾಡಿಕೊಡುವ ತಂತ್ರಾಂಶವೇ ಕ್ರಿಕೆಟ್ ವಿಡಿಯೊ ಗೇಮ್. ಅಮೆರಿಕದ ಮನೆಗಳಲ್ಲಿ ಬೇಸ್‌ಬಾಲ್ ವಿಡಿಯೊ ಗೇಮ್‌ಗಳಿಗೆ ಇರುವ ಸ್ಥಾನ ಭಾರತದಲ್ಲಿ ಇವುಗಳಿಗಿದೆ. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪು ತಳೆದ ಈ ಪ್ರಕಾರ 1990ರ ದಶಕದ ಕೊನೆಯ ವೇಳೆಗೆ ಬೆಂಗಳೂರಿನ ಬಡಾವಣೆಗಳನ್ನು ಮುಟ್ಟಿತು. ನಗರದ ಪಶ್ಚಿಮಕ್ಕಿರುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಅದು ಮೊದಲು ಸೈಬರ್ ಕೆಫೆಗಳ ಮೂಲಕ, ಆಮೇಲೆ ಮನೆಯ ಕಂಪ್ಯೂಟರ್, ಕೊನೆಗೆ ಮೊಬೈಲ್ ಮೂಲಕ ಬೇರೂರಿತು. ಈ ಆಟಗಳ ಬೆಳವಣಿಗೆಯಲ್ಲಿ ತಯಾರಿಸಿದ ಕಂಪನಿಗಳಷ್ಟೇ ದೊಡ್ಡ ಪಾಲು ಅವನ್ನು ಆಡಿದವರದ್ದೂ ಇದೆ.

ಹಿನ್ನೆಲೆ

1949ರಲ್ಲಿ ಬುನಾದಿ ಬಿದ್ದ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆಯಿತು. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳು ಆಮೇಲೆ ಒಂದೊಂದಾಗಿ ತುಂಬಿಕೊಂಡವು. ಮೂವತ್ತು–ನಲವತ್ತರ ಸೈಟುಗಳ ಸಾಲು, ನಡುವೆ ಕಿರಿದಾದ ಅಡ್ಡರಸ್ತೆ, ಅಲ್ಲಲ್ಲಿ ಒಂದು ಆಟದ ಮೈದಾನ: ಇಲ್ಲಿನ ಕ್ರಿಕೆಟ್ ಈ ಅಳತೆಗೆ ತಕ್ಕಂತೆ ರೂಪುಗೊಂಡಿತು. ಮೊದಲ ಎಸೆತ ‘ಟ್ರಯಲ್ ಬಾಲ್’, ಒಂದು ಸಲ ಪುಟಿದ ಚೆಂಡನ್ನು ಹಿಡಿದರೂ ಔಟ್, ಕಾಂಪೌಂಡಿನೊಳಗೆ ನೇರ ಬಿದ್ದರೆ ಹೊಡೆದವನೇ ಔಟ್, ಆಟಗಾರರ ಸಂಖ್ಯೆ ಬೆಸವಾದರೆ ಉಳಿದ ಒಬ್ಬ ಎರಡೂ ಕಡೆಗೆ ಆಡುವ ‘ಜೋಕರ್’. ಕ್ರಿಕೆಟ್ಟಿನ ನಿಯಮಗಳನ್ನು ಜಾಗಕ್ಕೆ ಹೊಂದಿಸಿಕೊಳ್ಳುವುದು ಇಲ್ಲಿನ ಹುಡುಗರಿಗೆ ಕಂಪ್ಯೂಟರ್ ಬರುವ ಮೊದಲೇ ಅಭ್ಯಾಸವಾಗಿತ್ತು.

ತರಗತಿಯೊಳಗೆ ಆಡುತ್ತಿದ್ದ ‘ಬುಕ್ ಕ್ರಿಕೆಟ್’ ಈ ಪ್ರಕಾರದ ದೇಸಿ ಪೂರ್ವರೂಪ. ಪಠ್ಯಪುಸ್ತಕವನ್ನು ಕಣ್ಣುಮುಚ್ಚಿ ತೆರೆಯುವುದು, ಎಡಪುಟದ ಸಂಖ್ಯೆಯ ಕೊನೆಯ ಅಂಕಿಯನ್ನು ರನ್ ಎಂದು ಬರೆದುಕೊಳ್ಳುವುದು, ಸೊನ್ನೆ ಬಂದರೆ ಔಟ್. ಎಡಪುಟಕ್ಕೆ ಯಾವಾಗಲೂ ಸಮಸಂಖ್ಯೆ ಇರುವುದರಿಂದ ಬರಬಹುದಾದ ಅಂಕಿಗಳು 0, 2, 4, 6, 8 ಮಾತ್ರ. ಎಂಟಕ್ಕೆ ಒಂದು ರನ್ ಎಂಬ ಕರಾರಿದ್ದರೆ ಸರಾಸರಿ ಐದು ಎಸೆತಕ್ಕೊಂದು ವಿಕೆಟ್, ವಿಕೆಟ್ಟಿಗೆ 13 ರನ್, ಹತ್ತು ವಿಕೆಟ್ಟಿಗೆ 130 ರನ್ ಎಂದು ಲೆಕ್ಕ ಕೂರುತ್ತದೆ. ಮುಂದೆ ಕಂಪ್ಯೂಟರ್ ಆಟಗಳು ಮಾಡಿದ್ದೂ ಮೂಲತಃ ಇದನ್ನೇ: ಕ್ರಿಕೆಟ್ಟಿನ ಅನಿಶ್ಚಿತತೆಯನ್ನು ಸಂಖ್ಯೆಗಳ ಸಂಭವನೀಯತೆಗೆ ಇಳಿಸಿ, ಅದರ ಮೇಲೆ ಆಟಗಾರನ ಕೈಚಳಕಕ್ಕೆ ಜಾಗ ಕೊಡುವುದು.

ಬೇಸ್‌ಬಾಲ್ ಆಟಗಳೊಂದಿಗೆ ಹೋಲಿಕೆ

ಕ್ರೀಡಾ ವಿಡಿಯೊ ಗೇಮ್‌ಗಳಲ್ಲಿ ಕ್ರಿಕೆಟ್ಟಿಗೆ ಹತ್ತಿರದ ನಂಟು ಬೇಸ್‌ಬಾಲಿನದು. ಎರಡರಲ್ಲೂ ಎಸೆಯುವವನಿಗೂ ಹೊಡೆಯುವವನಿಗೂ ನಡೆಯುವ ಜಟಾಪಟಿಯೇ ಆಟದ ತಿರುಳು. ಸೋನಿಯ ಸ್ಯಾನ್ ಡಿಯಾಗೊ ಸ್ಟುಡಿಯೊ 2006ರಿಂದ ಹೊರತರುತ್ತಿರುವ ‘ಎಂಎಲ್‌ಬಿ ದಿ ಶೋ’ ಸರಣಿ ಈ ಬಗೆಯ ಆಟಗಳ ಮಾದರಿ ಎನಿಸಿದೆ. ತಾನೇ ರೂಪಿಸಿದ ಆಟಗಾರನನ್ನು ಕಿರಿಯರ ಹಂತದಿಂದ ಮೇಲಕ್ಕೇರಿಸುವ ‘ರೋಡ್ ಟು ದಿ ಶೋ’, ಕಾರ್ಡುಗಳನ್ನು ಕೂಡಿಸಿ ತಂಡ ಕಟ್ಟುವ ‘ಡೈಮಂಡ್ ಡೈನಾಸ್ಟಿ’ ಅದರ ಹೆಸರಾಂತ ವಿಭಾಗಗಳು. 2021ರ ಆವೃತ್ತಿಯಲ್ಲಿ ಕ್ರೀಡಾಂಗಣವನ್ನು ಸ್ವತಃ ಕಟ್ಟುವ ಸೌಲಭ್ಯ ಬಂತು. 2023ರಲ್ಲಿ, ವರ್ಣಭೇದದ ಕಾಲದ ಕಪ್ಪು ಆಟಗಾರರ ‘ನೀಗ್ರೊ ಲೀಗ್’ಗಳ ಚರಿತ್ರೆಯನ್ನು ಆಡುತ್ತಲೇ ತಿಳಿಯುವ ಅಧ್ಯಾಯಗಳು ಸೇರಿದವು. 2024ರಲ್ಲಿ ಮಹಿಳೆಯೊಬ್ಬಳ ಕ್ರೀಡಾ ಬದುಕನ್ನು ಕಟ್ಟುವ ಅವಕಾಶ ದೊರೆಯಿತು.

ಕ್ರಿಕೆಟ್ಟನ್ನು ಪರದೆಗೆ ತರುವುದು ಇದಕ್ಕಿಂತ ಕಷ್ಟ. ಬೇಸ್‌ಬಾಲಿನ ಚೆಂಡು ಗಾಳಿಯಲ್ಲೇ ಬ್ಯಾಟಿಗೆ ಬರುತ್ತದೆ. ಕ್ರಿಕೆಟ್ಟಿನದು ನೆಲಕ್ಕೆ ಬಿದ್ದು ಪುಟಿದು ಬರುತ್ತದೆ. ಪಿಚ್ಚಿನ ತೇವ, ಬಿರುಕು, ಚೆಂಡಿನ ಹಳತನ ಎಲ್ಲವೂ ಆ ಪುಟಿತವನ್ನು ಬದಲಿಸುತ್ತವೆ. ಬೇಸ್‌ಬಾಲಿನಲ್ಲಿ ಮುಂಭಾಗದ ತೊಂಬತ್ತು ಡಿಗ್ರಿಯೊಳಗೆ ಹೊಡೆದರೆ ಮಾತ್ರ ಲೆಕ್ಕ. ಕ್ರಿಕೆಟ್ಟಿನಲ್ಲಿ ಸುತ್ತ ಎತ್ತ ಹೊಡೆದರೂ ರನ್. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟರನ್ನು ತಲುಪಲು ಹಿಡಿಯುವ ಕಾಲ ಸುಮಾರು ಅರ್ಧ ಸೆಕೆಂಡು. ಅಷ್ಟರೊಳಗೆ ಆಟಗಾರ ಹೆಜ್ಜೆಯನ್ನೂ ಹೊಡೆತವನ್ನೂ ಆರಿಸಿಕೊಳ್ಳಬೇಕು. ಜತೆಗೆ ಐದು ದಿನಗಳ ಟೆಸ್ಟನ್ನು ಒಂದು ಸಂಜೆಯೊಳಗೆ ಮುಗಿಸುವ ಸಮಸ್ಯೆಯೂ ಇದೆ. ಓವರುಗಳನ್ನು ಕಡಿಮೆ ಮಾಡಿಕೊಳ್ಳುವ, ನಡುವಿನ ಆಟವನ್ನು ಕಂಪ್ಯೂಟರಿಗೇ ಬಿಟ್ಟು ಬೇಕಾದ ಘಟ್ಟದಲ್ಲಿ ಮಾತ್ರ ಇಳಿಯುವ ಆಯ್ಕೆಗಳು ಹುಟ್ಟಿದ್ದು ಈ ಕಾರಣಕ್ಕೆ.

ಇತಿಹಾಸ

ಆರಂಭದ ಆಟಗಳಲ್ಲಿ 1985ರ ‘ಗ್ರಹಾಂ ಗೂಚ್ಸ್ ಟೆಸ್ಟ್ ಕ್ರಿಕೆಟ್’ ಮುಖ್ಯವಾದದ್ದು. 1992ರಲ್ಲಿ ಮೆಲ್ಬರ್ನಿನ ಬೀಮ್ ಸಾಫ್ಟ್‌ವೇರ್ ಸಂಸ್ಥೆ ನಿಂಟೆಂಡೊ ಯಂತ್ರಕ್ಕಾಗಿ ‘ಇಂಟರ್‌ನ್ಯಾಷನಲ್ ಕ್ರಿಕೆಟ್’ ತಂದಿತು. ಕೋಡ್‌ಮಾಸ್ಟರ್ಸ್ ಕಂಪನಿಯ ‘ಬ್ರಯಾನ್ ಲಾರಾ ಕ್ರಿಕೆಟ್’ ಸರಣಿ 1995ರಲ್ಲಿ ಶುರುವಾಯಿತು. ಅದರ ಮರುವರ್ಷ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ‘ಕ್ರಿಕೆಟ್ 96’ ಬಂತು. ಹಳ್ಳಿ–ನಗರವೆನ್ನದೆ ಭಾರತದಲ್ಲಿ ‘ಇಎ ಕ್ರಿಕೆಟ್’ ಎಂದೇ ಹೆಸರಾದದ್ದು ಈ ಸರಣಿ. ಮುಂದಿನ ಹತ್ತು ವರ್ಷ ಅದರ ಹಲವು ಆವೃತ್ತಿಗಳು ಹೊರಬಂದವು. ಕೆನಡಾದ ಎಚ್‌ಬಿ ಸ್ಟುಡಿಯೋಸ್ ತಯಾರಿಸಿದ ‘ಕ್ರಿಕೆಟ್ 07’, 2006ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಮಾರ್ಕ್ ನಿಕೋಲಸ್ ಮತ್ತು ರಿಚಿ ಬೆನೊ ಅವರ ವೀಕ್ಷಕ ವಿವರಣೆ, 2005ರ ಆ್ಯಷಸ್ ಸರಣಿಯ ನಿರ್ಣಾಯಕ ಘಟ್ಟಗಳನ್ನು ಮತ್ತೆ ಆಡುವ ಅವಕಾಶ ಅದರ ಆಕರ್ಷಣೆಗಳಾಗಿದ್ದವು. ಅದೇ ಇಎ ಕಂಪನಿಯ ಕೊನೆಯ ದೊಡ್ಡ ಕ್ರಿಕೆಟ್ ಆಟವೂ ಆಯಿತು.

ಆಮೇಲಿನ ಶೂನ್ಯವನ್ನು ತುಂಬಿದ್ದು ಮೆಲ್ಬರ್ನಿನ ಬಿಗ್ ಆ್ಯಂಟ್ ಸ್ಟುಡಿಯೋಸ್. 2014ರ ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ರಿಂದ ಮೊದಲ್ಗೊಂಡು ‘ಆ್ಯಷಸ್ ಕ್ರಿಕೆಟ್’, ‘ಕ್ರಿಕೆಟ್ 19’, ‘ಕ್ರಿಕೆಟ್ 22’, 2023ರ ‘ಕ್ರಿಕೆಟ್ 24’ರವರೆಗೆ ಕನ್ಸೋಲ್ ಕ್ರಿಕೆಟ್ ಬಹುಮಟ್ಟಿಗೆ ಈ ಒಂದೇ ಸಂಸ್ಥೆಯ ಕೈಯಲ್ಲಿದೆ.

ಸೈಬರ್ ಕೆಫೆಯ ಕಾಲ

2000ದ ದಶಕದಲ್ಲಿ ಪಶ್ಚಿಮ ಬೆಂಗಳೂರಿನ ಬಹುಪಾಲು ಹುಡುಗರು ಕ್ರಿಕೆಟ್ ಗೇಮ್ ಆಡಿದ್ದು ಸೈಬರ್ ಕೆಫೆಯಲ್ಲಿ. ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿ, ಎಸ್‌ಟಿಡಿ ಬೂತುಗಳ ಪಕ್ಕದಲ್ಲಿ ಪ್ಲೈವುಡ್ ಗೂಡುಗಳ ಒಳಗೆ ಆರೆಂಟು ಕಂಪ್ಯೂಟರ್. ಗಂಟೆಗೆ ಹತ್ತಿಪ್ಪತ್ತು ರೂಪಾಯಿ. ಒಂದೇ ಕಂಪ್ಯೂಟರಿಗೆ ಇಬ್ಬರು ಕುಳಿತು, ಒಂದೇ ಕೀಬೋರ್ಡನ್ನು ಹಂಚಿಕೊಂಡು ಆಡುವುದು ವಾಡಿಕೆ. ಬ್ಯಾಟಿಂಗ್ ಮಾಡುವವನಿಗೆ ಒಂದು ಕಡೆಯ ಕೀಲಿಗಳು, ಬೌಲಿಂಗ್ ಮಾಡುವವನಿಗೆ ಇನ್ನೊಂದು ಕಡೆಯವು. ಚೆಂಡು ಬೀಳುವ ಜಾಗವನ್ನು ತೋರಿಸುವ ಗುರುತು ಪಿಚ್ಚಿನ ಮೇಲೆ ಇಬ್ಬರಿಗೂ ಕಾಣುತ್ತಿತ್ತು. ಹಾಗಾಗಿ ಬೌಲರ್ ಆ ಗುರುತನ್ನು ಕೊನೆಯ ಕ್ಷಣದವರೆಗೂ ಅತ್ತಿತ್ತ ಆಡಿಸುತ್ತಾ ಎದುರಾಳಿಯ ಕಣ್ಣು ತಪ್ಪಿಸುವುದೇ ಒಂದು ವಿದ್ಯೆಯಾಯಿತು. ಸಮಯ ಮುಗಿದರೆ ಪಂದ್ಯ ಅರ್ಧಕ್ಕೇ ನಿಲ್ಲುತ್ತಿದ್ದುದರಿಂದ ಐದು ಓವರಿನ ಪಂದ್ಯವೇ ಹೆಚ್ಚು ಚಲಾವಣೆಯಲ್ಲಿತ್ತು.

ಆಟದ ಸಿ.ಡಿ.ಗಳಿಗೆ ಮತ್ತು ಬಿಡಿಭಾಗಗಳಿಗೆ ಆಶ್ರಯ ಎಸ್.ಪಿ. ರಸ್ತೆ ಹಾಗೂ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರಿನಲ್ಲೂ ‘ಕ್ರಿಕೆಟ್ 07’ ಓಡುತ್ತಿದ್ದದ್ದು ಅದರ ದೀರ್ಘಾಯುಷ್ಯಕ್ಕೆ ಒಂದು ಕಾರಣ. ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿಯವರೆಗೆ ಹಬ್ಬಿರುವ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಒಬ್ಬನ ಲ್ಯಾಪ್‌ಟಾಪಿನಿಂದ ಇನ್ನೊಬ್ಬನದಕ್ಕೆ ಪೆನ್‌ಡ್ರೈವಿನಲ್ಲಿ ದಾಟುತ್ತಾ ಅದು ಹತ್ತಾರು ವರ್ಷ ಉಳಿಯಿತು.

2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದಿತು. ಬಂದವರ ಗುರುತಿನ ಚೀಟಿ ನೋಡಿ ದಾಖಲಿಸಬೇಕು, ಗೂಡುಗಳ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು ಎಂಬವು ಅದರಲ್ಲಿದ್ದವು. ಅಷ್ಟರಲ್ಲಿ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು, ಮೊಬೈಲ್ ಹತ್ತಿರವಾಗುತ್ತಿತ್ತು. ಕೆಫೆಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗಳಾದವು. ಅವುಗಳ ಜಾಗಕ್ಕೆ ಪ್ಲೇಸ್ಟೇಷನ್ ಇಟ್ಟು ಗಂಟೆ ಲೆಕ್ಕದಲ್ಲಿ ಆಡಿಸುವ ಗೇಮಿಂಗ್ ಪಾರ್ಲರುಗಳು ಬಂದವು.

ಪರವಾನಗಿ ಮತ್ತು ‘ಪ್ಯಾಚ್’

ತಂಡಗಳ ಹೆಸರು, ಲಾಂಛನ, ಉಡುಗೆ, ಆಟಗಾರರ ಮುಖಗಳನ್ನು ಬಳಸಲು ಆಯಾ ಕ್ರಿಕೆಟ್ ಮಂಡಳಿಗಳಿಂದ ಪರವಾನಗಿ ಬೇಕು. ‘ಕ್ರಿಕೆಟ್ 07’ರಲ್ಲಿ ಅಧಿಕೃತ ಪರವಾನಗಿ ಇದ್ದದ್ದು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ತಂಡಗಳಿಗೆ. ಭಾರತದ ಆಟಗಾರರು ಅಕ್ಷರ ತಿರುಚಿದ ಹೆಸರುಗಳಲ್ಲಿ ಆಡುತ್ತಿದ್ದರು. ದ್ರಾವಿಡ್, ಕುಂಬ್ಳೆಯವರ ಊರಿನ ಹುಡುಗರು ಆಟ ಹಾಕಿಕೊಂಡ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಆ ಹೆಸರುಗಳನ್ನು ತಿದ್ದುವುದು.

ತಿದ್ದುಪಡಿ ಅಲ್ಲಿಗೇ ನಿಲ್ಲಲಿಲ್ಲ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಆರಂಭವಾದಾಗ ‘ಕ್ರಿಕೆಟ್ 07’ ಹಳೆಯ ಆಟವಾಗಿತ್ತು. ಹೊಸ ಆವೃತ್ತಿಯ ಸುಳಿವಿರಲಿಲ್ಲ. ಅಭಿಮಾನಿಗಳೇ ತಂಡದ ಉಡುಗೆ, ಬ್ಯಾಟಿನ ಸ್ಟಿಕ್ಕರ್, ಮೈದಾನದ ಜಾಹೀರಾತು ಫಲಕ, ಟಿ.ವಿ.ಯಲ್ಲಿ ಕಾಣುವಂಥ ಸ್ಕೋರ್ ಪಟ್ಟಿ ಎಲ್ಲವನ್ನೂ ಚಿತ್ರಗಳಾಗಿ ತಯಾರಿಸಿ ಆಟದ ಮೂಲ ಕಡತಗಳ ಜಾಗದಲ್ಲಿ ಕೂರಿಸಿದರು. ಇದಕ್ಕೆ ‘ಪ್ಯಾಚ್ ಹಾಕುವುದು’ ಎನ್ನುತ್ತಾರೆ. ಪ್ರತಿ ಐಪಿಎಲ್ ಹರಾಜಿನ ನಂತರ ಹೊಸ ಪ್ಯಾಚ್, ಪ್ರತಿ ವಿಶ್ವಕಪ್ಪಿಗೊಂದು ಪ್ಯಾಚ್ ಬರತೊಡಗಿತು. ಕಂಪನಿ ಕೈಬಿಟ್ಟ ಆಟವನ್ನು ಆಡುವವರೇ ಒಂದೂವರೆ ದಶಕಕ್ಕೂ ಮೀರಿ ಚಾಲ್ತಿಯಲ್ಲಿಟ್ಟದ್ದು ಕ್ರೀಡಾ ಗೇಮ್‌ಗಳಲ್ಲಿ ಅಪರೂಪದ ಸಂಗತಿ.

ಬಿಗ್ ಆ್ಯಂಟ್ ಸಂಸ್ಥೆ ಈ ಹವ್ಯಾಸವನ್ನೇ ಆಟದ ಅಂಗವಾಗಿಸಿತು. ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ರ ‘ಕ್ರಿಕೆಟ್ ಅಕಾಡೆಮಿ’ಯಲ್ಲಿ ಯಾರು ಬೇಕಾದರೂ ಆಟಗಾರರನ್ನೂ ತಂಡಗಳನ್ನೂ ರೂಪಿಸಿ ಆನ್‌ಲೈನಿನಲ್ಲಿ ಹಂಚಬಹುದಿತ್ತು, ಬೇರೆಯವರು ಇಳಿಸಿಕೊಳ್ಳಬಹುದಿತ್ತು. ಮೂಲ ಆಟದಲ್ಲಿ ನಿಜ ಹೆಸರುಗಳಲ್ಲಿ ಇಲ್ಲದ ಭಾರತದ ಆಟಗಾರರು ಹೀಗೆ ಅಭಿಮಾನಿಗಳ ಕೈಯಿಂದಲೇ ಮನೆಮನೆ ಸೇರಿದರು.

ಹೊಸ ಸೌಲಭ್ಯಗಳು

ಕಳೆದ ಹತ್ತು–ಹನ್ನೆರಡು ವರ್ಷಗಳಲ್ಲಿ ಕ್ರಿಕೆಟ್ ಗೇಮ್‌ಗಳಿಗೆ ಸೇರಿದ ಸೌಲಭ್ಯಗಳನ್ನು ನಾಲ್ಕು ಬಗೆಯಾಗಿ ನೋಡಬಹುದು.

ನಿಯಂತ್ರಣ: ಕನ್ಸೋಲಿನ ಎರಡು ಕಡ್ಡಿಗಳಲ್ಲಿ ಒಂದು ಹೆಜ್ಜೆಗೆ, ಇನ್ನೊಂದು ಹೊಡೆತಕ್ಕೆ ಮೀಸಲಾಯಿತು. ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ ಪಿಚ್ಚಿನ ಮೇಲಿನ ಗುರುತನ್ನು ತೆಗೆದುಹಾಕಿತು. ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಬೌಲರಿನ ಕೈ ನೋಡಿ ಊಹಿಸಬೇಕಾಯಿತು. ಕೆಫೆಯಲ್ಲಿ ಸಿಕ್ಸರ್ ಹೊಡೆದು ಪಳಗಿದವರಿಗೆ ಇದು ಮೊದಮೊದಲು ಕೈಕೊಟ್ಟಿತಾದರೂ ಒಂದು ಓವರನ್ನು ಆಡದೆ ಬಿಡುವುದೂ ಆಟವೇ ಎಂಬುದನ್ನು ಪರದೆಯ ಮೇಲೆ ತಂದದ್ದು ಇದೇ.

ವೃತ್ತಿಬದುಕು: ಒಬ್ಬನೇ ಆಟಗಾರನಾಗಿ ಕೆಳಗಿನ ಹಂತದಿಂದ ರಾಷ್ಟ್ರೀಯ ತಂಡದವರೆಗೆ ಏರುವ ವಿಭಾಗ. ತಾನು ಔಟಾದ ಮೇಲೆ ಉಳಿದ ಇನಿಂಗ್ಸ್ ಕಂಪ್ಯೂಟರಿನದು.

ನೈಜತೆ: ಆಟಗಾರರ ನೂರಾರು ಫೋಟೊಗಳಿಂದ ಮುಖ–ಮೈಕಟ್ಟನ್ನು ಮೂರು ಆಯಾಮದಲ್ಲಿ ಕಟ್ಟುವ ತಂತ್ರವನ್ನು 2017ರ ‘ಆ್ಯಷಸ್ ಕ್ರಿಕೆಟ್’ ಬಳಸಿತು. ನಿಜವಾದ ಕ್ರಿಕೆಟಿಗರ ಚಲನೆಯನ್ನು ಸೆರೆಹಿಡಿದು ಪರದೆಯ ಆಟಗಾರರಿಗೆ ಅಳವಡಿಸುವುದು ಈಗ ಮೊಬೈಲ್ ಆಟಗಳಿಗೂ ಬಂದಿದೆ. ಅಂಪೈರ್ ತೀರ್ಪನ್ನು ಪ್ರಶ್ನಿಸುವ ಡಿಆರ್‌ಎಸ್, ಚೆಂಡಿನ ಹಾದಿಯ ಚಿತ್ರ, ಹವಾಮಾನ ಎಲ್ಲವೂ ಸೇರಿವೆ. ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡು ಬ್ಯಾಟ್ ಬೀಸುವ ‘ಐಬಿ ಕ್ರಿಕೆಟ್’ 2018ರಲ್ಲಿ ಹೈದರಾಬಾದಿನಿಂದ ಬಂತು.

ಮಹಿಳಾ ಕ್ರಿಕೆಟ್: ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 17’ರಲ್ಲಿ ಆಟಗಾರ್ತಿಯರಿಗೆ ಜಾಗ ದೊರೆಯಿತು, ‘ಆ್ಯಷಸ್ ಕ್ರಿಕೆಟ್’ನಲ್ಲಿ ಮಹಿಳೆಯರ ಆ್ಯಷಸ್ ಸರಣಿಯೇ ಅಧಿಕೃತವಾಗಿ ಸೇರಿತು. ಬೇಸ್‌ಬಾಲಿನ ‘ದಿ ಶೋ’ಗಿಂತ ಈ ವಿಷಯದಲ್ಲಿ ಕ್ರಿಕೆಟ್ ಗೇಮ್‌ಗಳು ಹಲವು ವರ್ಷ ಮುಂದಿದ್ದವು.

ಮೊಬೈಲ್ ಯುಗ

ಭಾರತದಲ್ಲಿ ಕ್ರಿಕೆಟ್ ಗೇಮ್ ಎಂದರೆ ಇಂದು ಮುಖ್ಯವಾಗಿ ಮೊಬೈಲ್ ಗೇಮ್. ಚೆನ್ನೈನ ನೆಕ್ಸ್ಟ್‌ವೇವ್ ಮಲ್ಟಿಮೀಡಿಯಾದ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’ ಮತ್ತು ಮಹಾರಾಷ್ಟ್ರದ ನಾಟಿಲಸ್ ಮೊಬೈಲ್‌ನ ‘ರಿಯಲ್ ಕ್ರಿಕೆಟ್’ ಎರಡು ದೊಡ್ಡ ಸರಣಿಗಳು. ಮೊದಲನೆಯದರ ಎರಡನೆಯ ಆವೃತ್ತಿ 2015ರಲ್ಲಿ, ಮೂರನೆಯದು 2020ರಲ್ಲಿ ಬಂದವು. ನಾಟಿಲಸ್‌ನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2025ರಲ್ಲಿ ನಿಯಂತ್ರಣದ ಪಾಲು ಕೊಂಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ಇವುಗಳ ಪ್ರಸಾರ ಹೆಚ್ಚಿತು.

ಇವುಗಳ ಗುಟ್ಟು ಸರಳತೆಯಲ್ಲಿದೆ. ಎಡ ಹೆಬ್ಬೆರಳಿನಲ್ಲಿ ದಿಕ್ಕು, ಬಲ ಹೆಬ್ಬೆರಳಿನಲ್ಲಿ ಹೊಡೆತ. ಹೊಡೆದ ಮರುಕ್ಷಣ ಬೇಗವಾಯಿತೆ, ತಡವಾಯಿತೆ, ಸರಿಯಾಯಿತೆ ಎಂದು ಪರದೆ ತಿಳಿಸುತ್ತದೆ. ಎರಡು ಓವರಿನ ಪಂದ್ಯ ನಾಲ್ಕೈದು ನಿಮಿಷದ ಕೆಲಸ. 2014ರಲ್ಲಿ ರಾಜಾಜಿನಗರದ ಮೂಲಕ ಹಸಿರು ಮಾರ್ಗ, 2015ರಲ್ಲಿ ವಿಜಯನಗರ–ಅತ್ತಿಗುಪ್ಪೆಗಳ ಮೂಲಕ ನೇರಳೆ ಮಾರ್ಗ ಶುರುವಾಗಿ, 2021ರಲ್ಲಿ ನೇರಳೆ ಮಾರ್ಗ ಕೆಂಗೇರಿಗೂ ಮುಟ್ಟಿತು. ಮೆಟ್ರೊದಲ್ಲಿ ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಬರುವಷ್ಟರಲ್ಲಿ ಒಂದು ಸರಣಿ ಮುಗಿಸಬಹುದು. ಆದರೆ ಬ್ಯಾಟು, ಉಡುಗೆ, ಆಟಗಾರರ ಕಾರ್ಡುಗಳನ್ನು ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆ, ಪಂದ್ಯಗಳ ನಡುವಿನ ಜಾಹೀರಾತು ಕೂಡ ಮೊಬೈಲಿನೊಂದಿಗೇ ಬಂದವು.

ಅಭಿಮಾನಿಗಳ ಅನುಭವ

ಬೆಂಗಳೂರಿನ ಅಭಿಮಾನಿಗೆ ಕ್ರಿಕೆಟ್ ಗೇಮ್ ಕೊಟ್ಟ ದೊಡ್ಡ ಸಮಾಧಾನ ನಗರದ ಐಪಿಎಲ್ ತಂಡವಾದ ಆರ್‌ಸಿಬಿಯದು. 2009, 2011, 2016ರ ಫೈನಲ್‌ಗಳಲ್ಲಿ ತಂಡ ಸೋತಿತು. 2016ರ ಫೈನಲ್ ಚಿನ್ನಸ್ವಾಮಿಯಲ್ಲೇ ನಡೆದು, ಹೈದರಾಬಾದ್ ಎದುರು ಎಂಟು ರನ್ನಿನಿಂದ ಕೈತಪ್ಪಿತು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ವರ್ಷ ವರ್ಷ ಮೊಳಗುತ್ತಿದ್ದಾಗ ಅದು ನಿಜವಾಗುತ್ತಿದ್ದದ್ದು ಪರದೆಯ ಮೇಲೆ ಮಾತ್ರ. ಸೋತ ರಾತ್ರಿಯೇ ಅದೇ ತಂಡ, ಅದೇ ಗುರಿ ಇಟ್ಟುಕೊಂಡು ಪಂದ್ಯವನ್ನು ಮತ್ತೆ ಆಡಿ ಗೆಲ್ಲಿಸುವುದು ಅಭಿಮಾನಿಗಳ ರೂಢಿಯಾಗಿತ್ತು. 2024ರಲ್ಲಿ ಮಹಿಳಾ ತಂಡ ಡಬ್ಲ್ಯುಪಿಎಲ್ ಗೆದ್ದಿತು. 2025ರ ಜೂನ್ 3ರಂದು ಪುರುಷರ ತಂಡ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಐಪಿಎಲ್ ಕಪ್ ಎತ್ತಿತು.

ಗೇಮ್ ಆಡುವವರಿಗೆ ಕ್ರಿಕೆಟ್ ನೋಡುವ ಕಣ್ಣೂ ಬದಲಾಗುತ್ತದೆ. ಫೀಲ್ಡರುಗಳನ್ನು ಒಬ್ಬೊಬ್ಬರಾಗಿ ತಾನೇ ನಿಲ್ಲಿಸಿದವನಿಗೆ ಥರ್ಡ್‌ಮ್ಯಾನ್ ಖಾಲಿ ಬಿಟ್ಟರೆ ಏನಾಗುತ್ತದೆಂದು ಟಿ.ವಿ. ವಿವರಣೆಗಾರ ಹೇಳಬೇಕಾಗಿಲ್ಲ. ಬೀದಿಯಲ್ಲಿ ಆಡಲು ಬಿಡದ ಮನೆಗಳ ಹೆಣ್ಣುಮಕ್ಕಳಿಗೆ, ಕಾರು ನಿಲ್ಲಿಸಿ ಅಡ್ಡರಸ್ತೆಗಳು ತುಂಬಿಹೋದ ಬಡಾವಣೆಗಳ ಮಕ್ಕಳಿಗೆ ಆಟದ ಒಳಮರ್ಮ ತಿಳಿಯಲು ಇದೊಂದು ದಾರಿಯಾಗಿದೆ. ಮೈ ಬೆವರುವ ಆಟಕ್ಕೆ ಅದು ಬದಲಿಯಾಗಲಾರದು ಎಂಬ ತಂದೆತಾಯಿಯರ ಆಕ್ಷೇಪವೂ ಸರಿಯೇ.

ಬೆಂಗಳೂರಿನ ಉದ್ಯಮ

ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ ಅನ್ನು ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಕಾರ್ ರೇಸಿನ ‘ಫೋರ್ಜಾ’ ಸೇರಿದಂತೆ ವಿದೇಶಿ ಆಟಗಳಿಗೆ ಕಲಾಕೆಲಸ ಮಾಡಿಕೊಟ್ಟ ಈ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಕೊಂಡಿತು. 2010ರಲ್ಲಿ ಗೇಮ್ ಕಂಪನಿ ಜಿಂಗಾ ಇಲ್ಲಿ ಕಚೇರಿ ತೆರೆಯಿತು. ಅಲ್ಲಿಂದ ಹೊರಬಂದವರು 2013ರಲ್ಲಿ ಮೂನ್‌ಫ್ರಾಗ್ ಲ್ಯಾಬ್ಸ್ ಸ್ಥಾಪಿಸಿದರು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ (2012). ಅದರ ಹೊಸ ರೂಪ 2024–29ರ ಅವಧಿಗೆ ಜಾರಿಯಲ್ಲಿದೆ. ಇಷ್ಟಾದರೂ ಹೆಸರಾದ ಕ್ರಿಕೆಟ್ ಸರಣಿಗಳು ಮೆಲ್ಬರ್ನ್, ಚೆನ್ನೈ, ಮಹಾರಾಷ್ಟ್ರಗಳಿಂದ ಬಂದವೇ ಹೊರತು ಬೆಂಗಳೂರಿನಿಂದಲ್ಲ.

ಕಾನೂನು

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ–ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ–ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಉತ್ತೇಜಿಸಿ, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ತಂಡ ಆರಿಸಿ ಹಣ ಕಟ್ಟುವ ಫ್ಯಾಂಟಸಿ ಸ್ಪರ್ಧೆಗಳು ಇದರಿಂದ ನಿಂತವು. ಕ್ರಿಕೆಟ್ ವಿಡಿಯೊ ಗೇಮ್‌ಗಳು ಈ ನಿಷೇಧದೊಳಗೆ ಬರುವುದಿಲ್ಲ.

ಕನ್ನಡದ ಸ್ಥಾನ

ರೇಡಿಯೊದಲ್ಲಿ ಕನ್ನಡದ ಕ್ರಿಕೆಟ್ ವಿವರಣೆಗೆ ದಶಕಗಳ ಪರಂಪರೆಯಿದೆ. 2018ರ ಕೊನೆಯಲ್ಲಿ ಕನ್ನಡದ ಕ್ರೀಡಾ ವಾಹಿನಿಯೂ ಬಂದು, ವಿಜಯ್ ಭಾರದ್ವಾಜ್ ಅವರಂಥ ಮಾಜಿ ಆಟಗಾರರ ಮಾತು ಮನೆಮಾತಾಯಿತು. ಕನ್ಸೋಲಿನ ದೊಡ್ಡ ಆಟಗಳು ಮಾತ್ರ ಇಂಗ್ಲಿಷಿನಲ್ಲೇ ಮಾತಾಡುತ್ತವೆ. ಉಡುಗೆ, ಹೆಸರು, ಮೈದಾನಗಳನ್ನು ತಾವೇ ತಿದ್ದಿಕೊಂಡ ಅಭಿಮಾನಿಗಳಿಗೆ ಸಾವಿರಾರು ವಾಕ್ಯಗಳ ವಿವರಣೆಯನ್ನು ಧ್ವನಿಮುದ್ರಿಸುವುದು ಕೈಮೀರಿದ ಕೆಲಸ. ಅದಕ್ಕೆ ಸ್ಟುಡಿಯೊ, ವಿವರಣೆಗಾರರು, ಬಂಡವಾಳ ಬೇಕು. ಈ ಮೂರೂ ಬೆಂಗಳೂರಿನಲ್ಲಿವೆ. ಗೇಮಿಂಗ್ ನೀತಿಯ ನೆರವಿನಲ್ಲಿ ಒಂದು ಪಾಲು ಕನ್ನಡದ ಧ್ವನಿಗೆ ಮೀಸಲಾದರೆ ಉಳಿದ ಕೆಲಸವನ್ನು ಆಡುವವರೇ ಮುಂದುವರಿಸಬಲ್ಲರು.